ಮರವಾದ ಮೇಲೂ ಕಸಿಯುಂಟು

(ವಯಸ್ಸಾದ ಮೇಲೆ ವಾದ್ಯ ಕಲಿಯುವದನ್ನು ಕುರಿತ ಪ್ರಸಂಗ)

ಆಧಾರ: 1 ಪೂರ್ವಕಾಲವೃತ್ತಾಂತ 23: 3–5, 26, 25: 1–8



ಸತ್ಯವೇದವನ್ನು ಓದುವಾಗ ಹೆಸರುಗಳ ಪಟ್ಟಿ ಎದುರಾದರೆ ಅನೇಕರು ಹಾಳೆಯನ್ನು ಮಗುಚಿಬಿಡುವದುಂಟು. ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕದಲ್ಲಿ ಇಂಥ ಪಟ್ಟಿಗಳು ಬಹಳವಾಗಿರುವವು. ಆದರೆ ಕಲ್ಲು ಹೆಚ್ಚಾಗಿರುವ ಹೊಲದಲ್ಲಿಯೂ ಒಮ್ಮೊಮ್ಮೆ ಒಳ್ಳೇ ನೀರಿನ ಸೆಲೆ ಸಿಕ್ಕುವ ಹಾಗೆ, ಈ ಹೆಸರುಗಳ ಮಧ್ಯದಲ್ಲಿಯೂ ನಮಗೆ ಬೇಕಾದ ಬುದ್ಧಿವಾದವು ಅಡಗಿರುವದು. ಆದದರಿಂದ ಈ ಹೊತ್ತು ನಾವು ಆ ಎರಡು ಅಧ್ಯಾಯಗಳನ್ನು ಮೆಲ್ಲಗೆ ನೋಡೋಣ.

ದಾವೀದನು ಮುದುಕನಾದಾಗ ಲೇವಿಯರಲ್ಲಿ ಮೂವತ್ತು ವರುಷದವರನ್ನೂ ಅದಕ್ಕೆ ಮೇಲ್ಪಟ್ಟವರನ್ನೂ ಎಣಿಸಿದರೆಂದು ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಬರೆದದೆ. ಅವರ ಸಂಖ್ಯೆಯು 38,000. ಅವರಲ್ಲಿ 24,000 ಮಂದಿ ದೇವಾಲಯದ ಕೆಲಸವನ್ನು ನಡಿಸುವದಕ್ಕೂ, 6,000 ಮಂದಿ ಅಧಿಕಾರಿಗಳೂ ನ್ಯಾಯಾಧಿಪತಿಗಳೂ ಆಗಿರುವದಕ್ಕೂ, 4,000 ಮಂದಿ ಬಾಗಿಲು ಕಾಯುವದಕ್ಕೂ ನೇಮಿಸಲ್ಪಟ್ಟರು. ಉಳಿದ 4,000 ಮಂದಿಯು ವಾದ್ಯಗಳಿಂದ ದೇವರನ್ನು ಸ್ತುತಿಸತಕ್ಕವರು. ಮುಂದೆ ಇಪ್ಪತ್ತು ವರುಷದವರನ್ನೂ ಲೆಕ್ಕದಲ್ಲಿ ಸೇರಿಸಿಕೊಂಡರು, ನಿಜ. ಆದರೂ ಮೊದಲು ಎಣಿಸಿದ ಆ ನಾಲ್ಕು ಸಾವಿರದಲ್ಲಿ ಮೂವತ್ತಕ್ಕೆ ಕಡಿಮೆಯಾದವನು ಒಬ್ಬನೂ ಇರಲಿಲ್ಲ ಎಂಬದನ್ನು ಗಮನಿಸಿರಿ.

ಇನ್ನೊಂದು ಸಂಗತಿಯುಂಟು. ಲೇವಿಯರ ಪೂರ್ವಿಕರ ಕೆಲಸವು ಹೊರುವದು. ಅರಣ್ಯದಲ್ಲಿ ದೇವದರ್ಶನದ ಗುಡಾರವನ್ನು ಬಿಚ್ಚಿ, ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಸಾಗಿಸಿದವರು ಅವರೇ. ದಾವೀದನ ದಿನದಲ್ಲಿಯೂ ದೇವರ ಮಂಜೂಷವನ್ನು ಕೋಲುಗಳಿಂದ ಹೆಗಲ ಮೇಲೆ ಹೊತ್ತವರು ಆ ಕುಲದವರೇ. ಆದರೆ ದೇವರು ತನ್ನ ಜನರಿಗೆ ವಿಶ್ರಾಂತಿ ಕೊಟ್ಟನು. ದೇವಾಲಯವು ಒಂದೇ ಸ್ಥಳದಲ್ಲಿ ನಿಲ್ಲುವ ಕಾಲ ಬಂತು. ಇನ್ನು ಮೇಲೆ ಗುಡಾರವನ್ನು ಹೊರುವ ಅಗತ್ಯವಿಲ್ಲವೆಂದು ಅರಸನೇ ಹೇಳಿದನು. ಹೊರುವ ಕುಲಕ್ಕೆ ಕಿನ್ನರಿಯೂ ಸ್ವರಮಂಡಲವೂ ತಾಳವೂ ಕೈಗೆ ಬಂದವು. ಹೆಗಲಿನ ಕೆಲಸವು ಮುಗಿದಲ್ಲಿ ಬೆರಳಿನ ಕೆಲಸವು ಆರಂಭವಾಯಿತು.

ಇಪ್ಪತ್ತೈದನೆಯ ಅಧ್ಯಾಯದಲ್ಲಿ ಆಸಾಫ, ಹೇಮಾನ, ಯೆದುತೂನ ಎಂಬವರ ಮನೆಯವರು ಈ ಸೇವೆಗೆ ಪ್ರತ್ಯೇಕಿಸಲ್ಪಟ್ಟರು. ಸಂಗೀತದಲ್ಲಿ ಶಿಕ್ಷಣ ಹೊಂದಿದವರು 288 ಮಂದಿ. ಹನ್ನೆರಡು ಹನ್ನೆರಡು ಮಂದಿಯ ಇಪ್ಪತ್ತನಾಲ್ಕು ವರ್ಗಗಳು. ಯಾರ ಸರದಿ ಯಾವಾಗ ಎಂಬದನ್ನು ಚೀಟುಹಾಕಿ ಗೊತ್ತುಮಾಡಿದರು. ಆ ಚೀಟಿನಲ್ಲಿ ಚಿಕ್ಕವನು ದೊಡ್ಡವನು ಎಂಬ ಭೇದವಾಗಲಿ, ಉಪಾಧ್ಯಾಯನು ಶಿಷ್ಯನು ಎಂಬ ಭೇದವಾಗಲಿ ಇರಲಿಲ್ಲ. ಕಲಿಸಿದವನಿಗೆ ಒಂದು ಬಾಗಿಲು, ಕಲಿಯುವವನಿಗೆ ಇನ್ನೊಂದು ಬಾಗಿಲು ಎಂಬದು ದೇವರ ಆಲಯದಲ್ಲಿ ಇಲ್ಲವೆಂಬದೇ ಇದರ ತಾತ್ಪರ್ಯ.

ಇದನ್ನು ಈಗ ಏಕೆ ಹೇಳುತ್ತೇವೆ? ನಮ್ಮ ಸಭೆಗಳ ಸ್ಥಿತಿಯನ್ನು ನೋಡಿರಿ. ಹಳ್ಳಿಯ ದೇವಾಲಯದ ಮೂಲೆಯಲ್ಲಿ ಒಂದು ಹಾರ್ಮೋನಿಯಂ ಪೆಟ್ಟಿಗೆ ಇರುತ್ತದೆ. ಅದನ್ನು ಬಾರಿಸಬಲ್ಲವನು ಒಬ್ಬ ಹುಡುಗ. ಅವನು ಓದು ಮುಗಿಸಿ ಪಟ್ಟಣಕ್ಕೆ ಕೆಲಸಕ್ಕೆ ಹೋದನೆಂದರೆ, ಅಥವಾ ಬಾರಿಸುತ್ತಿದ್ದ ಹುಡುಗಿಯು ಮದುವೆಯಾಗಿ ಬೇರೆ ಊರಿಗೆ ಹೋದಳೆಂದರೆ, ಪೆಟ್ಟಿಗೆಗೆ ಬಟ್ಟೆ ಹೊದಿಸಿ ಇಟ್ಟುಬಿಡುತ್ತಾರೆ. ಇಲಿ ತಿದಿಯನ್ನು ಕಡಿಯುತ್ತದೆ. ಮಳೆಗಾಲದ ತೇವಕ್ಕೆ ಮನೆಗಳು ಉಬ್ಬಿ, ಒತ್ತಿದವು ಮೇಲಕ್ಕೆ ಬಾರವು. ಕರ್ತನ ದಿನದಲ್ಲಿ ಒಬ್ಬರು ಒಂದು ಶ್ರುತಿಯಲ್ಲಿ ಆರಂಭಿಸಿದರೆ ಹಿಂದಿನ ಸಾಲಿನವರು ಇನ್ನೊಂದು ಶ್ರುತಿಯಲ್ಲಿ ಮುಂದರಿಸುತ್ತಾರೆ. ನಲವತ್ತು ಐವತ್ತು ವರುಷದ ಹಿರಿಯರು ಅಲ್ಲಿಯೇ ಕೂತಿರುತ್ತಾರೆ. ರಾಗಗಳೆಲ್ಲಾ ಅವರಿಗೆ ಬಾಯಿಪಾಠ. “ಅಯ್ಯಾ, ನೀವು ಯಾಕೆ ಕಲಿಯಬಾರದು?” ಎಂದು ಕೇಳಿದರೆ, “ನಮಗಿನ್ನೇನು ಸ್ವಾಮಿ, ವಯಸ್ಸಾಯಿತು” ಎಂಬದೇ ಉತ್ತರ. ಈ ಉತ್ತರವನ್ನೇ ಈ ಹೊತ್ತು ನಾವು ಮೂರು ಭಾಗವಾಗಿ ವಿಚಾರಿಸುವೆವು.

ಮೊದಲನೆಯದಾಗಿ, ವಯಸ್ಸಾದವನಿಗೆ ವಿದ್ಯೆ ಹತ್ತದು ಎಂಬ ಮಾತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮುಂದಿಟ್ಟು ನಮ್ಮವರು ಮಾತು ಮುಗಿಸುತ್ತಾರೆ. ಗಾದೆಯು ಸುಳ್ಳಲ್ಲ, ಆದರೆ ಅದು ಮರದ ವಿಷಯವಾಗಿ ಅರ್ಧ ಮಾತನ್ನು ಮಾತ್ರ ಹೇಳುತ್ತದೆ. ನಾವು ಇರುವ ಹೆಬ್ಬಾಳವು ಬಳ್ಳಾರಿ ರಸ್ತೆಯ ಮೇಲೆ ಬೆಂಗಳೂರಿಗೆ ಉತ್ತರದಲ್ಲಿದ್ದ ಒಂದು ಹಳ್ಳಿ. ಈಗ ನಗರವು ಅದನ್ನು ದಾಟಿ ಮುಂದಕ್ಕೆ ಹೋಗಿದೆ. ಕೆರೆಯ ಪಕ್ಕದಲ್ಲಿ ಮೇಲುಸೇತುವೆಗಳ ಮೇಲೆ ಹಗಲಿರುಳೂ ಗಾಡಿಗಳ ಸದ್ದು. ಆದರೂ ಈ ಊರಿನ ಹೆಸರು ರೈತರಿಗೆ ಪರಿಚಯವಾದದ್ದು ಬೇಸಾಯದ ವಿದ್ಯೆಯಿಂದಲೇ. 1899ರಲ್ಲಿ ಮೈಸೂರಿನ ಮಹಾರಾಣಿಯವರು ಬೇಸಾಯದ ಪ್ರಯೋಗಗಳಿಗೋಸ್ಕರ ಇಲ್ಲಿ 30 ಎಕರೆ ನೆಲವನ್ನು ಕೊಟ್ಟರು. 1913ರಲ್ಲಿ ಕೃಷಿ ಶಾಲೆಯು ಹುಟ್ಟಿತು. 1946ರಲ್ಲಿ ಅದು ಕಾಲೇಜಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ನರೆಗೂದಲಿನ ರೈತರು ದೂರದ ಜಿಲ್ಲೆಗಳಿಂದ ಬಂದು, ಮೊಮ್ಮಕ್ಕಳ ವಯಸ್ಸಿನ ವಿದ್ಯಾರ್ಥಿಗಳ ಪಕ್ಕದಲ್ಲಿ ನಿಂತು ಹೊಸ ಬಿತ್ತನೆಯ ವಿಷಯವನ್ನು ಕೇಳಿ ತಿಳಿಯುವದು ಈ ಕಡೆಯಲ್ಲಿ ಹೊಸ ನೋಟವಲ್ಲ. ಬೇಸಾಯವನ್ನು ಅರವತ್ತರಲ್ಲಿಯೂ ಕಲಿಯಬಹುದೆಂದು ಒಪ್ಪುವವನು, ಸಂಗೀತವನ್ನು ಮಾತ್ರ ನಲವತ್ತಕ್ಕೆ ಮುಚ್ಚಿಬಿಡುವದು ಯಾವ ನ್ಯಾಯ?

ತೋಟದವರು ಹಳೆಯ ಮಾವಿನ ಮರಕ್ಕೆ ಮಾಡುವದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಹುಳಿ ಹಣ್ಣು ಬಿಡುವ ಇಲ್ಲವೆ ಹಣ್ಣೇ ಬಿಡದ ಮರವನ್ನು ಬುಡಸಹಿತ ಕೀಳುವದಿಲ್ಲ. ಕೊಂಬೆಗಳನ್ನು ಕತ್ತರಿಸುತ್ತಾರೆ, ಕೆಲವು ತಿಂಗಳಲ್ಲಿ ಹೊಸ ಚಿಗುರು ಏಳುತ್ತದೆ, ಆ ಎಳೇ ಚಿಗುರಿಗೆ ಒಳ್ಳೇ ಜಾತಿಯ ಕಡ್ಡಿಯನ್ನು ಕೂಡಿಸಿ ಕಸಿ ಕಟ್ಟುತ್ತಾರೆ. ಹಳೆಯ ಬೇರು ಆಳಕ್ಕೆ ಇಳಿದಿರುವದರಿಂದ ಆ ಕಸಿಗೆ ನೀರಿಗೂ ಆಹಾರಕ್ಕೂ ಕೊರತೆಯಿಲ್ಲ. ಮರವು ಬಗ್ಗದು, ನಿಜ. ಆದರೆ ಕಸಿಗೆ ಒಪ್ಪುತ್ತದೆ. ಕಾಡು ಎಣ್ಣೇಮರದ ಕೊಂಬೆಗಳನ್ನು ಊರ ಮರಕ್ಕೆ ಕಸಿಮಾಡಿದ್ದನ್ನು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆಯಲಿಲ್ಲವೋ? ಹೊರಗಿನಿಂದ ಬಂದು ದೇವರ ಜನರಲ್ಲಿ ಸೇರಿದ ನಾವೇ ಆ ಕಸಿಯಲ್ಲವೋ?

ದೊಡ್ಡವನು ವಾದ್ಯವನ್ನು ಕೈಗೆ ತಕ್ಕೊಂಡಾಗಲೂ ಹೀಗೆಯೇ. ಅವನ ಬೆರಳುಗಳು ಹುಡುಗನ ಬೆರಳುಗಳಷ್ಟು ಬೇಗ ಆಡವು. ಇದನ್ನು ಮುಚ್ಚಿಡುವದರಿಂದ ಪ್ರಯೋಜನವಿಲ್ಲ. ಆದರೆ ಅವನಿಗೆ ಬೇರು ಉಂಟು. ಮೂವತ್ತು ನಲವತ್ತು ವರುಷ ಪ್ರತಿ ಆದಿತ್ಯವಾರ ಹಾಡಿದ ರಾಗಗಳು ಅವನೊಳಗೆ ಇಳಿದಿವೆ. ತಾಳವು ಅವನ ಕಾಲಿನಲ್ಲಿದೆ. ಎಲ್ಲಿ ಉಸುರು ಬಿಡಬೇಕು, ಎಲ್ಲಿ ನಿಲ್ಲಬೇಕು ಎಂಬದನ್ನು ಯಾರೂ ಅವನಿಗೆ ಹೇಳಬೇಕಾಗಿಲ್ಲ. ಹುಡುಗನು ಬೆರಳಿನಿಂದ ರಾಗಕ್ಕೆ ಹೋಗಬೇಕು. ದೊಡ್ಡವನು ತನಗೆ ಗೊತ್ತಿರುವ ರಾಗದಿಂದ ಬೆರಳಿಗೆ ಬರುತ್ತಾನೆ. ಮನಸ್ಸಿನ ವಿಷಯದಲ್ಲಿಯೂ ಪರೀಕ್ಷೆಗಳು ನಡೆದಿವೆ. 2007ರಲ್ಲಿ ಪ್ರಕಟವಾದ ಅಮೇರಿಕದ ಒಂದು ಪರಿಶೋಧನೆಯಲ್ಲಿ 60ರಿಂದ 85 ವರುಷದವರಿಗೆ ಆರು ತಿಂಗಳು ಪಿಯಾನೋ ಪಾಠ ಹೇಳಿಸಲಾಗಿ, ಪಾಠವಿಲ್ಲದವರಿಗಿಂತ ಅವರು ಗಮನದಲ್ಲಿಯೂ ಜ್ಞಾಪಕದಲ್ಲಿಯೂ ಮುಂದರಿದದ್ದು ಕಂಡುಬಂತು. ಅದು ಸ್ವಲ್ಪ ಜನರ ಮೇಲೆ ನಡೆದ ಚಿಕ್ಕ ಪರಿಶೋಧನೆಯೇ. ಆದರೂ ಎಂಭತ್ತರ ವಯಸ್ಸಿನಲ್ಲಿ ಬಾಗಿಲು ಮುಚ್ಚಿಲ್ಲವೆಂದರೆ ನಲವತ್ತರಲ್ಲಿ ಅದಕ್ಕೆ ಬೀಗ ಹಾಕುವವರು ಯಾರು?

ಎರಡನೆಯದಾಗಿ, ನಾಚಿಕೆಯನ್ನು ಕುರಿತು.

ಪ್ರಿಯರೇ, “ವಯಸ್ಸಾಯಿತು” ಎಂಬ ಮಾತು ದೀನತೆಯ ಮಾತಿನಂತೆ ಕೇಳಿಸುತ್ತದೆ. ಅದರ ಹೊದಿಕೆಯನ್ನು ತೆಗೆದು ನೋಡಿದರೆ ಒಳಗೆ ಅನೇಕಾವರ್ತಿ ಇರುವದು ದೀನತೆಯಲ್ಲ, ನಾಚಿಕೆ. ಊರಿನಲ್ಲಿ ನಾಲ್ಕು ಜನರ ಮುಂದೆ ಮಾತಾಡಬಲ್ಲ ಮನುಷ್ಯನು, ಮನೆಯ ಯಜಮಾನನು, ಸ-ರಿ-ಗ-ಮದಲ್ಲಿ ತಪ್ಪುವದನ್ನು ನೆರೆಯವರು ಕೇಳಬೇಕೋ? ಚಿಕ್ಕವರು ಬಾಯಿಗೆ ಸೆರಗು ಹಿಡಿದು ನಗಬೇಕೋ? ಈ ಭಯವೇ ಪೆಟ್ಟಿಗೆಯ ನಿಜವಾದ ಬೀಗ.

ಈ ನಗೆಯು ಹೊಸದಲ್ಲ. ಗ್ರೀಕರ ಜ್ಞಾನಿಯಾದ ಸಾಕ್ರಟೀಸನು ವೃದ್ಧಾಪ್ಯದಲ್ಲಿ ಕೊನ್ನಸ್ ಎಂಬ ಉಪಾಧ್ಯಾಯನ ಬಳಿಗೆ ತಂತಿವಾದ್ಯ ಕಲಿಯಲು ಹೋಗುತ್ತಿದ್ದನೆಂದು ಅವನ ಶಿಷ್ಯನಾದ ಪ್ಲೇಟೋ ಬರೆದಿದ್ದಾನೆ. ಅಲ್ಲಿ ಅವನ ಸಹಪಾಠಿಗಳು ಹುಡುಗರು. ಅವರು ಅವನನ್ನು ಕಂಡು ನಗುತ್ತಿದ್ದರು. ಉಪಾಧ್ಯಾಯನನ್ನೂ ಮುದುಕರಿಗೆ ಕಲಿಸುವವನೆಂದು ಹಾಸ್ಯಮಾಡುತ್ತಿದ್ದರು. ಆ ಜ್ಞಾನಿಯು ಮಾಡಿದ್ದೇನು? ಶಾಲೆಯನ್ನು ಬಿಡಲಿಲ್ಲ, ಬೇರೆ ಮುದುಕರನ್ನೂ ತನ್ನೊಡನೆ ಬರುವದಕ್ಕೆ ಒಡಂಬಡಿಸಿದನು. ನಗೆಗೆ ಇದಕ್ಕಿಂತ ಒಳ್ಳೇ ಉತ್ತರವಿಲ್ಲ. ಒಬ್ಬನು ಕಲಿತರೆ ಊರು ನಗುತ್ತದೆ. ನಾಲ್ವರು ಕಲಿತರೆ ಅದು ಊರಿನ ಪದ್ಧತಿಯಾಗುತ್ತದೆ.

ನಮ್ಮ ದೇಶದಲ್ಲಿಯೇ ಒಂದು ದೃಷ್ಟಾಂತ ಬೇಕಾದರೆ, ಮೈಸೂರಿನ ಕಡೆಯ ಮಹಾರಾಜರಾದ ಜಯಚಾಮರಾಜ ಒಡೆಯರವರನ್ನು (1919–1974) ನೋಡಿರಿ. ಅವರು ಪಿಯಾನೋದಲ್ಲಿ ಪಳಗಿದವರು, ಪಾಶ್ಚಾತ್ಯ ಸಂಗೀತದಲ್ಲಿ ಪದವಿ ಪಡೆದವರು. 1940ರಲ್ಲಿ ಸಿಂಹಾಸನವನ್ನೇರಿದರು. ಆ ಮೇಲೆ ಅವರ ಮನಸ್ಸು ಕರ್ನಾಟಕ ಸಂಗೀತದ ಕಡೆಗೆ ತಿರುಗಿತು. ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿಯೂ, ಸಂಗೀತದ ಮರ್ಮವನ್ನು ವಾಸುದೇವಾಚಾರ್ಯರಲ್ಲಿಯೂ ಕಲಿತರು. 94 ಕೃತಿಗಳನ್ನು ರಚಿಸಿದರು. ಅವರು ಮುದುಕರಲ್ಲ, ತರುಣರೇ. ಆದರೆ ನಾವು ನೋಡತಕ್ಕದ್ದು ಬೇರೆ. ಒಂದು ವಿದ್ಯೆಯಲ್ಲಿ ಪಂಡಿತನಾದವನು ಇನ್ನೊಂದು ವಿದ್ಯೆಯಲ್ಲಿ ಮೊದಲನೆಯ ಪಾಠದಿಂದ ಆರಂಭಿಸುವದು ಕಷ್ಟ. ಅರಸನು ತನ್ನ ಆಸ್ಥಾನದ ವಿದ್ವಾಂಸರ ಮುಂದೆಯೇ ಶಿಷ್ಯನಾಗಿ ಕೂತುಕೊಳ್ಳುವದು ಇನ್ನೂ ಕಷ್ಟ. ಅರಸನಿಗೆ ಇದು ಅವಮಾನವಾಗಲಿಲ್ಲ, ನಮಗೆ ಆಗುವದೋ?

ನಮ್ಮ ಹೆಬ್ಬಾಳದ ಕಡೆಯ ಒಬ್ಬ ಸಹೋದರನನ್ನು ನಾವು ಬಲ್ಲೆವು. ಅವನು ಯಶವಂತಪುರದ ಮಂಡಿಯಲ್ಲಿ ಮೂವತ್ತು ವರುಷ ಮೂಟೆ ಹೊತ್ತವನು. ಬೆನ್ನು ಸಾಲದೆ ಬಂದ ಮೇಲೆ ಕೆಲಸವನ್ನು ಬಿಟ್ಟು ಮನೆಯಲ್ಲಿದ್ದಾನೆ. ಅವನ ಬೆರಳುಗಳು ಮೂಟೆಯ ಕಿವಿಯನ್ನು ಹಿಡಿದು ಹಿಡಿದು ಕೊಕ್ಕೆಯ ಹಾಗೆ ಬಾಗಿವೆ. ಚಾಚಿದರೆ ಪೂರಾ ಚಾಚವು. ಆ ಮನೆಗೆ ಬಂದ ಸೊಸೆಯು ತವರಿನಲ್ಲಿ ಹಾರ್ಮೋನಿಯಂ ಕಲಿತವಳು. ಅವನು ಒಂದು ಸಾಯಂಕಾಲ ಸೊಸೆಯ ಮುಂದೆ ಚಾಪೆಯ ಮೇಲೆ ಕೂತು, “ನನಗೂ ಹೇಳಿಕೊಡಮ್ಮಾ” ಅಂದನು. ನಮ್ಮ ಮನೆಗಳಲ್ಲಿ ಮಾವನ ಮುಂದೆ ಸೊಸೆಯು ಎದುರು ನಿಂತು ಮಾತಾಡುವದೇ ಅಪರೂಪ, ತಿದ್ದುವದೆಂದರೇನು! ಮೊದಲ ವಾರ ಅವಳು ತಪ್ಪನ್ನು ಕೇಳಿಯೂ ಸುಮ್ಮನಿದ್ದಳು. ಅವನೇ, “ತಪ್ಪಾದರೆ ತಪ್ಪು ಅನ್ನಬೇಕು, ಮುಲಾಜು ಬೇಡ” ಎಂದು ಹೇಳಿದ ಮೇಲೆ ಅವಳಿಗೆ ಧೈರ್ಯ ಬಂತು. “ಮಾವಾ, ಬೆರಳು ಪಕ್ಕದ ಮನೆಗೆ ಹೋಯಿತು” ಎಂದು ಅವಳು ಹೇಳುವದು ಈಗ ಬೀದಿಗೆ ಕೇಳಿಸುತ್ತದೆ. “ಪಕ್ಕದ ಮನೆಯವರು ಒಳ್ಳೆಯವರಮ್ಮಾ, ಏನೂ ಅನ್ನರು” ಎಂದು ಅವನು ನಕ್ಕು ಮತ್ತೆ ಮೊದಲಿನಿಂದ ಆರಂಭಿಸುತ್ತಾನೆ. ಎರಡು ವರುಷಕ್ಕೆ ಅವನಿಗೆ ಬಂದಿರುವವು ಆರು ಕೀರ್ತನೆಗಳು. ಆದರೆ ಅವನು ಸಂಪಾದಿಸಿದ್ದು ಆರು ಕೀರ್ತನೆಗಳು ಮಾತ್ರವೋ? ಆ ಮನೆಯಲ್ಲಿ ಸೊಸೆಗೆ ಬಾಯಿ ಬಂತು. ಮಾವನಿಗೆ ಕಿವಿ ಬಂತು. ದಾವೀದನ ಕಾಲದ ಚೀಟಿನಲ್ಲಿ ಉಪಾಧ್ಯಾಯನೂ ಶಿಷ್ಯನೂ ಸಮವಾಗಿ ನಿಂತದ್ದು ಹೀಗೆಯೇ. ಹೊತ್ತ ಹೆಗಲಿಗೆ ವಿಶ್ರಾಂತಿಯಾದ ಮೇಲೆ ಕೈಗೆ ವಾದ್ಯ ಬಂದದ್ದೂ ಹೀಗೆಯೇ.

ಮೂರನೆಯದಾಗಿ, ತಾಳ್ಮೆಯನ್ನು ಕುರಿತು.

ಆರಂಭಿಸುವವರು ಅನೇಕರು, ಮೂರು ತಿಂಗಳಿಗೆ ಬಿಡುವವರೂ ಅನೇಕರು. ಬಿಡುವದಕ್ಕೆ ಕಾರಣವನ್ನು ನಾವು ವಿಚಾರಿಸಿ ನೋಡಿದ್ದೇವೆ. ಹುಡುಗನು ಕಲಿಯುವಾಗ ಅವನ ಕಿವಿಯೂ ಕೈಯೂ ಒಂದೇ ವಯಸ್ಸಿನವು. ತಾನು ಕೆಟ್ಟದ್ದಾಗಿ ಬಾರಿಸುತ್ತೇನೆಂಬದೇ ಅವನಿಗೆ ತಿಳಿಯದು, ಆದಕಾರಣ ಸಂತೋಷವಾಗಿ ಬಾರಿಸುತ್ತಾನೆ. ದೊಡ್ಡವನಿಗಾದರೋ ಕಿವಿಯು ನಲವತ್ತು ವರುಷದ್ದು, ಕೈ ನಾಲ್ಕು ದಿನದ್ದು. ಸರಿಯಾದ ರಾಗವು ಹೇಗಿರಬೇಕೆಂದು ಕಿವಿಗೆ ಚೆನ್ನಾಗಿ ಗೊತ್ತು. ಕೈಯಿಂದ ಹೊರಡುವದು ಬೇರೆಯಾಗಿರುತ್ತದೆ. ತನ್ನ ತಪ್ಪನ್ನು ತಾನೇ ಕೇಳಿ, “ಇದು ನನ್ನಿಂದಾಗದು” ಎಂದು ಎದ್ದುಬಿಡುತ್ತಾನೆ. ಪ್ರಿಯರೇ, ತಪ್ಪು ಕೇಳಿಸುವದು ನಿಮ್ಮ ಸೋಲಲ್ಲ. ನಿಮ್ಮ ಕಿವಿ ಸರಿಯಾಗಿದೆ ಎಂಬದಕ್ಕೆ ಅದೇ ಸಾಕ್ಷಿ. ಕೈ ಬೆಳೆಯುವ ತನಕ ಕಿವಿಯು ಕಾದುಕೊಂಡಿರಬೇಕು, ಅಷ್ಟೇ. ಒಳ್ಳೇದನ್ನು ತಿಳಿದಿದ್ದರೂ ಅದನ್ನು ಮಾಡಲಾರದೆ ಪೌಲನು ನರಳಿದ್ದನ್ನು ರೋಮಾಪುರದವರ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಓದಿದ್ದೇವಲ್ಲವೇ? ಅವನು ನರಳಿದನು, ಆದರೆ ಓಟವನ್ನು ನಿಲ್ಲಿಸಲಿಲ್ಲ.

ಆದದರಿಂದ ಕೆಲವು ನಡೆಸತಕ್ಕ ಮಾತುಗಳನ್ನು ಹೇಳುತ್ತೇವೆ. ಯಾವ ವಾದ್ಯವನ್ನು ಹಿಡಿಯಬೇಕು ಎಂದು ಕೇಳುವವರಿಗೆ ಹಾರ್ಮೋನಿಯಂ ಸಾಕು ಎನ್ನುತ್ತೇವೆ. ಪಿಟೀಲಿನಲ್ಲಿ ಸ್ವರದ ಸ್ಥಾನವನ್ನು ಬೆರಳೇ ಹುಡುಕಬೇಕು; ಹಾರ್ಮೋನಿಯಮಿನಲ್ಲಿ ಪ್ರತಿ ಸ್ವರಕ್ಕೂ ಒಂದು ಹಿತ್ತಾಳೆಯ ನಾಲಿಗೆಯುಂಟು, ಮನೆಯನ್ನು ಒತ್ತಿದರೆ ಗಾಳಿಯು ಅದನ್ನು ಅದುರಿಸುತ್ತದೆ, ಸ್ವರವು ಸಿದ್ಧವಾಗಿ ಹೊರಡುತ್ತದೆ. ಈ ವಾದ್ಯದ ಕಥೆಯೂ ನಮಗೆ ಬುದ್ಧಿ ಹೇಳುವಂಥದು. 1842ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ದೆಬೆಯ್ನ್ ಎಂಬವನು ಇದರ ಹಕ್ಕನ್ನು ಬರೆಯಿಸಿಕೊಂಡನು. ಅಲ್ಲಿ ಅದು ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿಯೊತ್ತುವ ದೊಡ್ಡ ಪೆಟ್ಟಿಗೆ. ನಮ್ಮ ದೇಶದವರು ನೆಲದ ಮೇಲೆ ಕೂತು ಹಾಡುವವರು. 1875ರಲ್ಲಿ ಕಲಕತ್ತೆಯಲ್ಲಿ ಅಂಗಡಿಯನ್ನಿಟ್ಟ ದ್ವಾರಕಾನಾಥ ಘೋಷರು ಮುಂದೆ ಅದನ್ನು ಚಿಕ್ಕದು ಮಾಡಿ, ತಿದಿಯನ್ನು ಹಿಂದುಗಡೆಗೆ ತಂದು, ಕೈಯಿಂದ ಆಡಿಸುವಂತೆ ಮಾಡಿದರು. ವಾದ್ಯವೇ ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಕೂಡ್ರಲು ಕಲಿಯಿತು, ಕೂತವನು ಕಲಿಯಬಾರದೋ? ಸ್ವರದಿಂದ ಸ್ವರಕ್ಕೆ ಜಾರುವ ಗಮಕವು ಇದರಲ್ಲಿ ಬಾರದೆಂದು ಆಕಾಶವಾಣಿಯವರು 1940ರಲ್ಲಿ ಇದನ್ನು ಹೊರಗೆ ಹಾಕಿದರು. 1971ರಲ್ಲಿ ಆ ನಿಷೇಧವು ಸಡಿಲವಾಯಿತು. ಅಷ್ಟು ವರುಷವೂ ಭಜನೆಗಳಲ್ಲಿ, ನಾಟಕಗಳಲ್ಲಿ, ನಮ್ಮ ದೇವಾಲಯಗಳಲ್ಲಿ ಅದು ತನ್ನ ಕೆಲಸವನ್ನು ಬಿಡಲಿಲ್ಲ. ದೊಡ್ಡವರು ಒಪ್ಪಲಿಲ್ಲವೆಂದು ಚಿಕ್ಕ ಸೇವೆಯನ್ನು ಬಿಡಬಾರದು.

ಮೊದಲ ವಾರ ರಾಗದ ಆಸೆಯನ್ನು ಬಿಡಿರಿ. ಒಂದೇ ಮನೆಯನ್ನು ಒತ್ತಿ, ಎಡಗೈಯಿಂದ ತಿದಿಯನ್ನು ಮೆಲ್ಲಗೆ ಆಡಿಸಿ, ಧ್ವನಿಯು ಏರದೆ ಇಳಿಯದೆ ಒಂದೇ ಸಮವಾಗಿ ನಿಲ್ಲುವ ಹಾಗೆ ಮಾಡಿರಿ. ಆ ಮೇಲೆ ಸರಳೆ ವರಸೆ. ಬೆರಳು ಐದು, ಸ್ವರ ಏಳು. ಹಾಗಾದರೆ ಮೇಲಕ್ಕೆ ಹೋಗುವದು ಹೇಗೆ? ಹೆಬ್ಬೆರಳು ಬಾಗಿ ಇತರ ಬೆರಳುಗಳ ಕೆಳಗೆ ನುಸುಳಿ ಮುಂದಿನ ಮನೆಯನ್ನು ಹಿಡಿಯಬೇಕು. ಕೈಯಲ್ಲಿ ಎಲ್ಲಕ್ಕಿಂತ ದಪ್ಪವಾದ ಬೆರಳು ತಗ್ಗಿದರೆ ಮಾತ್ರ ರಾಗವು ಮುಂದಕ್ಕೆ ಸಾಗುತ್ತದೆ. ಸಭೆಯ ಹಿರಿಯರು ಇದನ್ನು ದಿನಾಲು ಅಭ್ಯಾಸಮಾಡಿದರೆ ಬೆರಳಿಗೂ ಒಳ್ಳೇದು, ಸಭೆಗೂ ಒಳ್ಳೇದು.

ಅನಂತರ ನಿಮಗೆ ಬಾಯಿಪಾಠವಾಗಿರುವ ಒಂದು ಕೀರ್ತನೆಯನ್ನು ಆರಿಸಿಕೊಳ್ಳಿರಿ. ಅದು ಪಾಶ್ಚಾತ್ಯ ರಾಗದ ಸಂಗೀತವಾಗಿರಲಿ, ದೇಶೀಯ ಕೀರ್ತನೆಯಾಗಿರಲಿ. ಕಿಟ್ಟೆಲ್ ಪಂಡಿತರು 1862ರಷ್ಟು ಹಿಂದೆಯೇ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯಲ್ಲಿ ಈ ದೇಶದ ಛಂದಸ್ಸಿಗೆ ತಂದರು, ಎರಡೂ ನಮ್ಮವೇ. ಒಂದು ತಿಂಗಳು ಆ ಒಂದೇ ಕೀರ್ತನೆ. ಹಾಡುತ್ತಾ ಬಾರಿಸಿರಿ, ತಪ್ಪಿದ ಸಾಲನ್ನು ಮಾತ್ರ ತಿರುಗಿ ಬಾರಿಸಿರಿ. ಶನಿವಾರ ರಾತ್ರಿ ಎರಡು ತಾಸು ಕೂತುಕೊಳ್ಳುವದಕ್ಕಿಂತ ದಿನಾಲು ಕಾಲು ತಾಸು ಮೇಲು. ದೀಪ ಹಚ್ಚಿದ ಮೇಲೆ, ಕುಟುಂಬ ಪ್ರಾರ್ಥನೆಗೆ ಮುಂಚೆ, ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿರಿ. ಬೆರಳುಗಳು ಹಗಲಿನಲ್ಲಿ ಕಲಿತದ್ದು ರಾತ್ರಿಯ ನಿದ್ರೆಯಲ್ಲಿ ನೆಲೆಗೊಳ್ಳುತ್ತದೆಂದು ಈ ಕಾಲದ ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಬಿತ್ತಿದವನು ಮಲಗಿ ಏಳುತ್ತಿರುವಾಗಲೇ ಬೀಜವು ಅವನಿಗೆ ತಿಳಿಯದ ರೀತಿಯಲ್ಲಿ ಬೆಳೆಯುತ್ತದೆಂದು ಕರ್ತನು ಸಾಮ್ಯವಾಗಿ ಹೇಳಿದ್ದು ಇಲ್ಲಿಯೂ ಸಲ್ಲುತ್ತದೆ. ಹೆಬ್ಬಾಳದ ಕೆರೆ ಒಂದು ಮಳೆಗೆ ತುಂಬುವದಿಲ್ಲ.

ಕಲಿಸುವವರು ಎಲ್ಲಿ ಎಂದು ಕೇಳಬಹುದು. ಪಟ್ಟಣದ ಕಡೆಯವರಿಗೆ ಶಾಲೆಗಳುಂಟು. ನಮ್ಮ ನೆರೆಯ ಆರ್.ಟಿ. ನಗರದಲ್ಲಿಯೇ 1987ರಲ್ಲಿ ಅರುಣಾ ಸುಂದರ್‌ಲಾಲ್ ಎಂಬವರು ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಎಂಬ ಪಾಠಶಾಲೆಯನ್ನು ಸ್ಥಾಪಿಸಿದರು. ಹಳ್ಳಿಯವರಿಗೆ ಮೊಬೈಲ್ ಫೋನಿನಲ್ಲಿಯೂ ಪಾಠಗಳು ಸಿಕ್ಕುತ್ತವೆ. ಫೋನು ನಿಮ್ಮನ್ನು ಕಂಡು ನಗುವದಿಲ್ಲ, ಇದು ಅದರ ಗುಣ. ನಿಮ್ಮ ಮಣಿಕಟ್ಟು ಬಿಗಿದಿರುವದನ್ನು ಕಂಡು ಸಡಿಲಿಸು ಎಂದು ಹೇಳುವದೂ ಇಲ್ಲ, ಇದು ಅದರ ದೋಷ. ಆದದರಿಂದ ಮನೆಯಲ್ಲಿಯೋ ನೆರೆಯಲ್ಲಿಯೋ ಬಲ್ಲವರು ಹತ್ತು ವರುಷದವರಾಗಿದ್ದರೂ ಅವರ ಮುಂದೆ ಕೂಡ್ರಿರಿ.

ಇನ್ನು ಒಂದು ಎಚ್ಚರಿಕೆ. ನೀವು ಕಲಿಯುವದು ಕಚೇರಿ ಮಾಡುವದಕ್ಕಲ್ಲ. ಕೊಳಲಾಗಲಿ ಕಿನ್ನರಿಯಾಗಲಿ ಸ್ವರಗಳನ್ನು ಬೇರೆ ಬೇರೆಯಾಗಿ ತೋರಿಸದಿದ್ದರೆ ಬಾರಿಸಿದ್ದು ಏನೆಂದು ಯಾರಿಗೂ ತಿಳಿಯದೆಂದು ಪೌಲನು ಕೊರಿಂಥದವರಿಗೆ ತೋರಿಸಿಕೊಟ್ಟನು. ಸಭೆಗೆ ಬೇಕಾದದ್ದು ಇಷ್ಟೇ: ಮೊದಲ ಸ್ವರವು ಸ್ಪಷ್ಟವಾಗಿ ಕೇಳಿಸಲಿ, ಮುದುಕಿಯೂ ಮಗುವೂ ಅದನ್ನು ಹಿಡಿದು ಹಾಡಲಿ. ಸರಳವಾಗಿ ಬಾರಿಸಿದ ಆರು ಕೀರ್ತನೆಗಳು ಒಂದು ಹಳ್ಳಿಯ ಸಭೆಯನ್ನು ಒಂದು ಶ್ರುತಿಗೆ ತರಬಲ್ಲವು.

ಕಡೆಯದಾಗಿ, ಪ್ರಿಯರೇ, ನಿಮ್ಮನ್ನೇ ಒಂದು ಮಾತು ಕೇಳುತ್ತೇವೆ. ನಿಮ್ಮಲ್ಲಿ ಅನೇಕರು ಕರ್ತನ ಬಳಿಗೆ ಬಂದದ್ದು ಯಾವ ವಯಸ್ಸಿನಲ್ಲಿ? ಗಡ್ಡ ಮೀಸೆ ಬಂದ ಮೇಲೆ, ಮಕ್ಕಳು ಮರಿಯಾದ ಮೇಲೆ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಉಪದೇಶಿಯ ಹಿಂದೆ ಒಂದೊಂದು ಮಾತಾಗಿ ಹೇಳಿ ಕಲಿ‌ತಿರಿ, ನಾಲಿಗೆ ತೊದಲಿತು, ಮಧ್ಯದಲ್ಲಿ ಮರೆತಿರಿ, ಪಕ್ಕದ ಮಗುವು ಎತ್ತಿಕೊಟ್ಟಿತು. ಕೆಲವು ತಾಯಂದಿರು ಸತ್ಯವೇದವನ್ನು ಓದಬೇಕೆಂಬ ಆಶೆಯಿಂದಲೇ ಮೊಮ್ಮಕ್ಕಳ ಸ್ಲೇಟಿನಲ್ಲಿ ಅ ಆ ತಿದ್ದಿದರು. ಆಗಲೂ ಊರು ನಕ್ಕಿತು. ನೀವು ಬಿಡಲಿಲ್ಲ. ಈ ಹೊತ್ತು ಆ ಪ್ರಾರ್ಥನೆಯು ನಿಮ್ಮ ಉಸುರಿನಂತೆ ಹೊರಡುತ್ತದೆ. ಹಾಗಾದರೆ ವಯಸ್ಸಾದ ಮೇಲೆ ಕಲಿಯುವ ವಿದ್ಯೆಯು ನಿಮಗೆ ಹೊಸದಲ್ಲ. ಎಲ್ಲಕ್ಕಿಂತ ದೊಡ್ಡದಾದದ್ದನ್ನು ನೀವು ದೊಡ್ಡವರಾದ ಮೇಲೆಯೇ ಕಲಿತಿದ್ದೀರಿ. ಮಕ್ಕಳಂತಾಗದವನಿಗೆ ಪರಲೋಕರಾಜ್ಯದಲ್ಲಿ ಪ್ರವೇಶವಿಲ್ಲವೆಂದು ಕರ್ತನು ಹೇಳಿದ ಮೇಲೆ, ಹಾರ್ಮೋನಿಯಮಿನ ಮುಂದೆ ಮಗುವಾಗಿ ಕೂಡ್ರುವದಕ್ಕೆ ನಾಚುವದೇಕೆ?

ಆದದರಿಂದ ಪ್ರತಿ ಸಭೆಯ ಹಿರಿಯರು ಈ ವಾರದಲ್ಲಿಯೇ ಮೂಲೆಯ ಪೆಟ್ಟಿಗೆಯ ಮೇಲಿನ ಬಟ್ಟೆಯನ್ನು ತೆಗೆಯಲಿ. ಧೂಳನ್ನು ಒರಸಿ, ತಿದಿಯಲ್ಲಿ ತೂತಿದ್ದರೆ ಮುಚ್ಚಿಸಿ, ಸ್ವರಗಳನ್ನು ನೋಡಿಸಲಿ. ನಲವತ್ತು ದಾಟಿದವರಲ್ಲಿ ಒಬ್ಬ ಸಹೋದರನಾದರೂ ಒಬ್ಬ ಸಹೋದರಿಯಾದರೂ ಮುಂದೆ ಬರಲಿ. ಬಲ್ಲ ಹುಡುಗನು ಊರು ಬಿಡುವದಕ್ಕೆ ಮುಂಚೆ ತನಗೆ ತಿಳಿದದ್ದನ್ನು ಅವರ ಕೈಗೆ ಒಪ್ಪಿಸಲಿ. ಮೊದಲ ತಿಂಗಳು ತಪ್ಪು ಸ್ವರ ಕೇಳಿಸಿದರೆ ಸಭೆಯು ನಗದೆ ಹಾಡಲಿ. ಹೊತ್ತು ದಣಿದ ಹೆಗಲುಗಳಿಗೆ ವಿಶ್ರಾಂತಿ ಕೊಟ್ಟು ಕೈಗಳಿಗೆ ಕಿನ್ನರಿಯನ್ನು ಕೊಟ್ಟ ದೇವರು, ನಮ್ಮ ಬಿರುಸಾದ ಬೆರಳುಗಳನ್ನೂ ಅಂಗೀಕರಿಸಲಿ. ಕಲಿಸುವವರಿಗೆ ಸೈರಣೆಯನ್ನೂ ಕಲಿಯುವವರಿಗೆ ಧೈರ್ಯವನ್ನೂ ಅನುಗ್ರಹಿಸಲಿ. ಆಮೆನ್.